ಬಣ್ಣ ಬರದ ಟ್ಯೂಬು

ಒತಿಲಿಯಾ ಗೆರೆಸ್ ಬ್ಯಾಕ್ಟೀರಿಯಾದ ರಸ ತೆಗೆಯುವವಳು. ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದಳು, ಹೇಳಿ ಅವರ ಮುಖ ಹುಳ್ಳಗಾಗುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದಳು. ಸಾಂತಿಯಾಗೊ ದೆಲ್ ಎಸ್ತೆರೊ ಪಟ್ಟಣದ ಒಂದು ಪ್ರಯೋಗಾಲಯದಲ್ಲಿ ಅವಳ ಮೂಲೆ. ದೊಡ್ಡ ಜಾಡಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು, ಮಂಜುಗಡ್ಡೆಯ ಮೇಲಿಟ್ಟು ಅವುಗಳ ಮೈ ಒಡೆಯುವುದು, ಸಿಪ್ಪೆಯನ್ನೆಲ್ಲ ತೆಗೆದು ಒಳಗಿನ ರಸವನ್ನಷ್ಟೇ ಉಳಿಸಿಕೊಳ್ಳುವುದು. ಜೀವ ಹೋದರೂ ಆ ರಸ ಕೆಲಸ ಮರೆತಿರುವುದಿಲ್ಲ. ಡಿಎನ್‌ಎ ಬರೆದು ಹಾಕಿದರೆ ಓದುತ್ತದೆ, ಓದಿದ್ದನ್ನು ಮಾಡಿ ತೋರಿಸುತ್ತದೆ. ಡಿಎನ್‌ಎಯಲ್ಲಿ ಬರೆದ ಇಂಥ ಆಜ್ಞೆಗಳ ಹೊಸ ಸರ್ಕ್ಯೂಟನ್ನು ಜೀವಂತ ಬ್ಯಾಕ್ಟೀರಿಯಾಕ್ಕೆ ಸೇರಿಸಿ ವಾರಗಟ್ಟಲೆ ಕಾಯುವ ಬದಲು ಈ ರಸದಲ್ಲಿ ಒಂದು ಮಧ್ಯಾಹ್ನದಲ್ಲೇ ಅದರ ಕರಡು ನೋಡಿಬಿಡಬಹುದು. ಕರಡು ಬರೆಯುವವರು ಓದಿದ ಹುಡುಗ ಹುಡುಗಿಯರು, ರಸ ಮಾತ್ರ ಒತಿಲಿಯಾಳದು. ರಸ ಕೆಟ್ಟರೆ ಎಲ್ಲರ ಕೆಲಸವೂ ಕೆಟ್ಟಂತೆಯೇ. ಅದಕ್ಕೇ ಅವರೆಲ್ಲ ಅವಳನ್ನು ಕಷಾಯದಮ್ಮ ಎಂದು ಕರೆಯುತ್ತಿದ್ದರು, ಅವಳಿಗದು ಹೆಮ್ಮೆಯಾಗಿತ್ತು.

ಅವಳ ಹುಟ್ಟೂರು ಚಾನ್ಯಾರ್ ವಿಯೆಹೊ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆ ಕಡೆಯ ನೆಲದ ನೀರಿನಲ್ಲಿ ಆರ್ಸೆನಿಕ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅವಳ ಅಪ್ಪನ ಅಂಗೈ ಮೇಕೆಯ ಗೊರಸಿನ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಕೊನೆಗೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದ. ಅಮ್ಮ ಕಳೆದುಕೊಂಡ ಕೂಸುಗಳನ್ನು ಮನೆಯಲ್ಲಿ ಯಾರೂ ಎಣಿಸಿ ಹೇಳುತ್ತಿರಲಿಲ್ಲ. ಹಾಗಾಗಿ ಒಂದು ವರ್ಷ ಹುಡುಗರು ಆರ್ಸೆನಿಕ್ ಪತ್ತೆಹಚ್ಚುವ ಸರ್ಕ್ಯೂಟ್ ಕಟ್ಟಲು ಹೊರಟಾಗ ಒತಿಲಿಯಾ ರಜೆಯ ದಿನವೂ ಬಂದು ರಸ ತೆಗೆದಳು. ಬಣ್ಣ ಮಾಡುವ ಜೀನಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ. ನೀರಿನಲ್ಲಿ ಆರ್ಸೆನಿಕ್ ಬಂದರೆ ಅವನು ಬಾಗಿಲು ಬಿಟ್ಟು ಏಳುತ್ತಾನೆ, ಟ್ಯೂಬು ನೇರಳೆಯಾಗುತ್ತದೆ. ಬರದಿದ್ದರೆ ಟ್ಯೂಬು ತಿಳಿಯಾಗಿಯೇ ಉಳಿಯುತ್ತದೆ.

ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಲಾಸ್ಕಾನೊ ಇದು ಬರೀ ಕರಡು, ಯಾವ ಊರಿನ ಬಾವಿಗೂ ಇದನ್ನು ತೋರಿಸಿ ತೀರ್ಪು ಕೊಡಬೇಡಿ ಎಂದು ಎಲ್ಲರಿಗೂ ಹೇಳಿದ್ದ. ಒತಿಲಿಯಾ ತಲೆಯಾಡಿಸಿದಳು. ಹೊಸ ವರ್ಷಕ್ಕೆ ಊರಿಗೆ ಹೊರಟಾಗ ಆ ಸರ್ಕ್ಯೂಟಿನ ಸಮೇತ ರಸವನ್ನು ಒಣಗಿಸಿ ತುಂಬಿಟ್ಟ ಟ್ಯೂಬುಗಳು ಅವಳ ಊಟದ ಡಬ್ಬಿಯಲ್ಲಿದ್ದವು. ಅವಳ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು ಬಿಡಿ.

ಅಕ್ಕ ರುಫಿನಾಳ ಅಂಗಳದಲ್ಲಿ ಆಗಷ್ಟೇ ಹೊಸ ಕೊಳವೆಬಾವಿ ಕೊರೆಸಿದ್ದರು. ಕೇರಿಯವರೆಲ್ಲ ಕುರ್ಚಿ ತಂದು ಸುತ್ತ ಕೂತರು. ಒತಿಲಿಯಾ ಎರಡು ಟ್ಯೂಬು ಇಟ್ಟಳು. ಒಂದಕ್ಕೆ ಪ್ರಯೋಗಾಲಯದ ಶುದ್ಧ ನೀರಿನ ಜೊತೆ ಒಂದು ಹನಿ ಆರ್ಸೆನಿಕ್ ಹಾಕಿದಳು, ರಸ ಜೀವಂತವಾಗಿದೆಯೋ ಇಲ್ಲವೋ ನೋಡಲು. ಇನ್ನೊಂದಕ್ಕೆ ಬಾವಿಯ ನೀರು. ಮೊದಲನೆಯದು ಚೆನ್ನಾಗಿ ನೇರಳೆಯಾಯಿತು. ಬಾವಿಯದು ತಿಳಿಯಾಗಿಯೇ ಇತ್ತು. ಸಂಜೆಯವರೆಗೂ ಕಾದರು, ಆಗಲೂ ತಿಳಿ. ಒತಿಲಿಯಾ ಅದನ್ನು ಎತ್ತಿ ಹಿಡಿದು, "ಧೈರ್ಯವಾಗಿ ಕುಡೀರಿ," ಎಂದಳು.

ಆಮೇಲೆ ಮೇಕೆಮರಿ ಸುಟ್ಟರು, ಗಿಟಾರ್ ಹೊರಗೆ ಬಂತು, ಕುಣಿದರು. ಅಲ್ಲಿಯವರೆಗೆ ಕುಡಿಯುತ್ತಿದ್ದ ಮಳೆನೀರಿನ ಹಳೆಯ ತೊಟ್ಟಿಯನ್ನು ಮೇಕೆಗಳಿಗೆ ಬಿಟ್ಟರು. ರುಫಿನಾಳ ಮಗಳು ದೆಲ್ಫಿನಾ ಗಂಡನ ಊರಿನಲ್ಲಿದ್ದಳು. ಅಲ್ಲಿನ ನೀರು ಕುಡಿದು ಒಮ್ಮೆ ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಂಡವಳು. ಮತ್ತೆ ಬಸುರಿಯಾದದ್ದೇ ಅವಳು ಗಂಟುಮೂಟೆ ಕಟ್ಟಿಕೊಂಡು ಅಮ್ಮನ ಮನೆಗೆ ಬಂದುಬಿಟ್ಟಳು. ಇಲ್ಲಿಯ ನೀರು ಒಳ್ಳೆಯದು, ಚಿಕ್ಕಮ್ಮ ನೋಡಿ ಹೇಳಿದ್ದಾಳೆ ಎಂಬುದೊಂದೇ ಕಾರಣ.

ಜುಲೈ ಬಂತು, ಆ ದೇಶದಲ್ಲಿ ಅದೇ ಚಳಿಗಾಲ. ಒಂದು ಬೆಳಿಗ್ಗೆ ಗ್ರಿಸೆಲ್ ಎಂಬ ವಿದ್ಯಾರ್ಥಿನಿ ತನ್ನ ಟ್ಯೂಬುಗಳ ಸಾಲನ್ನು ಒತಿಲಿಯಾಳ ಮೂಲೆಗೆ ತಂದಿಟ್ಟಳು. ಊರೂರಿನ ಬಾವಿಗಳ ನೀರಿಗೆ ತಾನೇ ಆರ್ಸೆನಿಕ್ ಸೇರಿಸಿ ನೋಡಿದ್ದಳಂತೆ. ಎಲ್ಲವೂ ನೇರಳೆಯಾಗಬೇಕಿತ್ತು. ಕೆಲವು ತಿಳಿಯಾಗಿಯೇ ಕೂತಿದ್ದವು.

"ಉಪ್ಪು ನೀರಲ್ಲಿ ನಿಮ್ಮ ರಸ ಸತ್ತೇ ಹೋಗುತ್ತೆ ಕಷಾಯದಮ್ಮ. ಆರ್ಸೆನಿಕ್ ಎಷ್ಟೇ ಇರ್ಲಿ, ಬಣ್ಣ ಮಾತ್ರ ಬರಲ್ಲ," ಎಂದಳು ಗ್ರಿಸೆಲ್, ಹವಾಮಾನದ ಸುದ್ದಿ ಹೇಳುವ ಹಾಗೆ.

ಒತಿಲಿಯಾಗೆ ಅಕ್ಕನ ಅಂಗಳ ನೆನಪಾಯಿತು. ಅಕ್ಕನ ಬಾವಿಯ ನೀರು ನಾಲಗೆಗೆ ಉಪ್ಪುಪ್ಪಾಗಿತ್ತು, ಅಡುಗೆಗೆ ಉಪ್ಪು ಉಳಿಯಿತು ಎಂದು ಎಲ್ಲರೂ ನಕ್ಕಿದ್ದರು. ರಸ ಜೀವಂತವಾಗಿದೆ ಎಂದು ಅವಳು ನೋಡಿದ್ದು ಶುದ್ಧ ನೀರಿನಲ್ಲಿ. ಆ ಬಾವಿಯ ನೀರಿನಲ್ಲಿ ಅದು ಜೀವಂತವಾಗಿತ್ತೇ ಎಂದು ನೋಡಿರಲಿಲ್ಲ. ಬಾವಿಯ ನೀರಿಗೇ ಒಂದು ಹನಿ ಆರ್ಸೆನಿಕ್ ಸೇರಿಸಿ ಮೂರನೆಯ ಟ್ಯೂಬು ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ತನ್ನ ಕೈಯ ರಸ ಎಲ್ಲಾದರೂ ಕೈಕೊಟ್ಟೀತು ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಬಣ್ಣ ಬರದಿದ್ದುದಕ್ಕೆ ನೀರು ಒಳ್ಳೆಯದಿರುವುದು ಕಾರಣವೋ, ರಸ ಸತ್ತದ್ದು ಕಾರಣವೋ, ಯಾರಿಗೆ ಗೊತ್ತು?

ಅವಳು ಕೂಡಲೇ ಊರಿಗೆ ಫೋನು ಮಾಡಿದಳು. ರುಫಿನಾ ಫೋನೆತ್ತಿದವಳೇ ಖುಷಿಯಿಂದ ಮಾತು ಶುರು ಮಾಡಿದಳು. ದೆಲ್ಫಿನಾಗೆ ಆರು ತಿಂಗಳು ತುಂಬುತ್ತಿದೆ, ನರ್ಸಮ್ಮ ನೀರು ಚೆನ್ನಾಗಿ ಕುಡಿ ಅಂದಿದ್ದಾಳೆ, ಹುಡುಗಿ ಹೂಜಿಗಟ್ಟಲೆ ಕುಡಿಯುತ್ತಿದ್ದಾಳೆ ಎಂದಳು. ಒತಿಲಿಯಾ ಅಲ್ಲಿ ಚಳಿ ಹೇಗಿದೆ ಎಂದು ಕೇಳಿ ಫೋನಿಟ್ಟಳು. ಹೇಡಿತನ ಅಂದರೆ ಇದೇ. ಅವಳಿಗೂ ಅದು ಗೊತ್ತಿತ್ತು.

ಲಾಸ್ಕಾನೊಗೆ ಹೇಳಿದಾಗ ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಾವಿಯ ನೀರು ತಂದುಕೊಡಿ, ರಸಾಯನ ವಿಭಾಗದವರ ಕೈಲಿ ಸರಿಯಾಗಿ ಅಳೆಸೋಣ, ಸ್ವಲ್ಪ ಸಮಯ ಹಿಡಿಯುತ್ತೆ ಎಂದ. ಅಲ್ಲಿಯವರೆಗೆ ಸುಮ್ಮನಿರಲು ಅವಳಿಂದ ಆಗಲಿಲ್ಲ. ಟ್ಯೂಬು, ಶುದ್ಧ ನೀರು, ಆರ್ಸೆನಿಕ್ಕಿನ ಪುಟ್ಟ ಸೀಸೆ ಕಟ್ಟಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣೆದುರಿಗೆ ಇದ್ದದ್ದು ಒಂದೇ, ಗಟಗಟನೆ ನೀರು ಕುಡಿಯುತ್ತಿರುವ ದೆಲ್ಫಿನಾಳ ಗಂಟಲು.

ಅಂಗಳದಲ್ಲಿ ಅಕ್ಕ ಬೆಂಕಿಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ದೆಲ್ಫಿನಾ, ಶಾಲಿನೊಳಗೆ ಹೊಟ್ಟೆ ಮುಂದೆ ಮಾಡಿಕೊಂಡು. ರುಫಿನಾ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು ತಂಗಿಯ ಕೈಗಿಟ್ಟಳು. ಒತಿಲಿಯಾ ಹೀರಿದಳು. ಬಾಯಿತುಂಬ ಉಪ್ಪು. ಬುರುಡೆ ಹಿಂದೆ ಕೊಡುತ್ತ, "ಗ್ರಾಸಿಯಾಸ್," ಎಂದಳು.

ಚಹದ ಹಾಗೆ ಎಲ್ಲರೂ ಒಂದೇ ಬುರುಡೆಯಿಂದ ಸರದಿಯಲ್ಲಿ ಹೀರುವ ಮಾಟೆಯಲ್ಲಿ ಧನ್ಯವಾದ ಹೇಳಿದರೆ ಸಾಕು, ನನಗಿನ್ನು ಬೇಡ ಎಂದರ್ಥ. ಮೊದಲ ಸುತ್ತಿಗೇ ಯಾರೂ ಹೇಳುವುದಿಲ್ಲ, ಅದೂ ಸ್ವಂತ ಅಕ್ಕನ ಕೈಯದಕ್ಕೆ.

"ಯಾಕೆ, ಪಟ್ಟಣದವಳಿಗೆ ನಮ್ಮ ಮಾಟೆ ಸೇರಲ್ವೇನೋ. ನಾನೇನು ವಿಷ ಹಾಕಿದೀನಾ?" ಎಂದು ರುಫಿನಾ ನಕ್ಕಳು.

ಒತಿಲಿಯಾ ನಗಲಿಲ್ಲ. ಅವಳ ಮುಖ ನೋಡುತ್ತ ನೋಡುತ್ತ ಅಕ್ಕನ ನಗುವೂ ನಿಂತಿತು. ಆಗ ಒತಿಲಿಯಾ ಎಲ್ಲವನ್ನೂ ಹೇಳಿದಳು. ಉಪ್ಪು, ಸತ್ತ ರಸ, ಇಡದೇ ಹೋದ ಟ್ಯೂಬು. ನೀರಿನಲ್ಲಿ ವಿಷ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಅವತ್ತು ತಾನು ನೋಡಿದ್ದರಿಂದ ಏನೂ ತಿಳಿಯುವುದಿಲ್ಲ ಎಂದಳು. ದೆಲ್ಫಿನಾ ಕೈಲಿದ್ದ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಈಗ ನೋಡೋಕಾಗುತ್ತಾ?" ಎಂದು ಕೇಳಿದಳು ರುಫಿನಾ. ಅಷ್ಟೇ ಕೇಳಿದ್ದು.

ಆಗುತ್ತಿತ್ತು. ಬಾವಿಯ ನೀರಿಗೆ ಶುದ್ಧ ನೀರು ಬೆರೆಸಿ ತೆಳ್ಳಗೆ ಮಾಡಿದರೆ ಉಪ್ಪಿನ ಕಾಟ ಇಳಿಯುತ್ತದೆ, ರಸ ಬದುಕುತ್ತದೆ. ಒತಿಲಿಯಾ ಬೇಕಾದಷ್ಟು ಬೆರೆಸಿದಳು. ಒಂದು ಟ್ಯೂಬಿಗೆ ಆ ನೀರು. ಇನ್ನೊಂದಕ್ಕೆ ಅದೇ ನೀರು ಮತ್ತು ಒಂದು ಹನಿ ಆರ್ಸೆನಿಕ್, ರಸಕ್ಕೆ ಜೀವ ಇದೆಯೇ ಎಂದು ಸಾಕ್ಷಿಗೆ. ಟ್ಯೂಬುಗಳಿಗೆ ಮೈಬಿಸಿಯಷ್ಟು ಶಾಖ ಬೇಕು, ಹೊರಗೆ ಮೂಳೆ ಕೊರೆಯುವ ಗಾಳಿ. ರುಫಿನಾ ಎರಡನ್ನೂ ಕಿತ್ತುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡು, ಶಾಲು ಬಿಗಿಯಾಗಿ ಹೊದ್ದು ಕೂತಳು. ಬೇರೆ ದಿನವಾಗಿದ್ದರೆ ಆ ಭಂಗಿ ನೋಡಿ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಯಾರೂ ಊಟದ ಮಾತೆತ್ತಲಿಲ್ಲ. ಒತಿಲಿಯಾ ನಡುವೆ ಒಮ್ಮೆ ಟ್ಯೂಬು ತೆಗೆಸಿ ನೋಡಿದಳು. ಸಾಕ್ಷಿಯ ಟ್ಯೂಬು ನೇರಳೆಗೆ ತಿರುಗಿತ್ತು, ಬಾವಿಯದು ತಿಳಿ. ರಸ ಬದುಕಿದೆ, ಬಣ್ಣ ಬಂದಿಲ್ಲ. ಅವಳ ಎದೆಯಲ್ಲಿ ಆಸೆ ಎದ್ದಿತು, ಆ ಆಸೆಗೇ ಅವಳಿಗೆ ಭಯವಾಯಿತು. ಇನ್ನೂ ಹೊತ್ತಾಗಬೇಕು, ಬಾಯಿಬಿಡಬಾರದು ಎಂದುಕೊಂಡು ಟ್ಯೂಬುಗಳನ್ನು ಅಕ್ಕನಿಗೆ ಹಿಂದೆ ಕೊಟ್ಟಳು.

ಮತ್ತೊಮ್ಮೆ ತೆಗೆದಾಗ ರುಫಿನಾಳೇ ಮೊದಲು ನೋಡಿದಳು. ಅವಳು ಟ್ಯೂಬನ್ನು ಬಿಳಿಯ ಗೋಡೆಗೆ ಹಿಡಿದಳು. ಬಾವಿಯ ನೀರು ತೆಳುವಾಗಿ, ಆದರೆ ಸಂಶಯವಿಲ್ಲದೆ, ನೇರಳೆಯಾಗಿತ್ತು. ಅಷ್ಟು ನೀರು ಬೆರೆಸಿದ ಮೇಲೂ ಬಂದ ಬಣ್ಣ. ಬೆರೆಸದೆ ಕುಡಿದ ನೀರಿನಲ್ಲಿ ಎಷ್ಟಿತ್ತು ಎಂದು ಒತಿಲಿಯಾಳ ತಲೆ ತಾನಾಗಿಯೇ ಲೆಕ್ಕ ಹಾಕಲು ಹೊರಟಿತು, ಅವಳು ಅದನ್ನು ಅಲ್ಲೇ ತಡೆದಳು. ಇದು ಕರಡು ಅಕ್ಕ, ಸರಿಯಾಗಿ ಅಳೆದ ಮೇಲೆ ತಿಳಿಯುತ್ತೆ ಎನ್ನಲು ಹೊರಟವಳು ದೆಲ್ಫಿನಾಳ ಕಡೆ ತಿರುಗಿದಳು.

ದೆಲ್ಫಿನಾ ಅಳಲಿಲ್ಲ. ಟ್ಯೂಬನ್ನೇ ನೋಡುತ್ತ ಕೂತಿದ್ದವಳು ಕೇಳಿದಳು, "ಚಿಕ್ಕಮ್ಮ, ಒಳಗಿರೋದಕ್ಕೆ ಏನಾಗಿದೆ ಅಂತ ಹೇಳೋ ಟ್ಯೂಬು ಇದೆಯಾ?"

ಅವಳು ವ್ಯಂಗ್ಯವಾಗಿ ಕೇಳಿರಲಿಲ್ಲ. ಇದ್ದರೂ ಇರಬಹುದು ಎಂದು ನಂಬಿಯೇ ಕೇಳಿದ್ದಳು.

"ಇಲ್ಲ ಮಗಳೇ."

"ನಿನ್ನೆ ಸಂಜೆಯಿಂದ ಒದ್ದಿಲ್ಲ. ಮಲಗಿದೆ ಅಂದ್ಕೊಂಡಿದ್ದೆ," ಎಂದಳು ದೆಲ್ಫಿನಾ.

ರುಫಿನಾ ಟ್ಯೂಬುಗಳನ್ನು ಬಿಟ್ಟು ಮಗಳ ಮುಂದೆ ಮಂಡಿಯೂರಿದಳು. ಶಾಲು ಸರಿಸಿ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣುಮುಚ್ಚಿದಳು.  ಏನೋ ಅಲುಗಿದಂತಾಯಿತು. ಕೂಸು ಅಲುಗಿತೋ, ನಡುಗಿದ್ದು ತನ್ನ ಕೈಯೋ, ಅವಳಿಗೆ ತಿಳಿಯಲಿಲ್ಲ.

"ಒತಿ, ನೀನು ಮುಟ್ಟಿ ನೋಡು," ಎಂದಳು.

ಒತಿಲಿಯಾ ಕೈಯಿಟ್ಟಳು. ಅವಳ ಕೈ ಅಕ್ಕನ ಕೈಗಿಂತ ಹೆಚ್ಚು ನಡುಗುತ್ತಿತ್ತು.