ತಂಗಿಯ ಬಲಗಾಲಿನ ಶೂ

ತಂಗಿ ಭಾಗ್ಯ ತನ್ನ ಬಲಗಾಲಿನ ಶೂ ತಂದು ನನ್ನ ಮಡಿಲಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ಜೋಗಿಮಟ್ಟಿ ಗುಡ್ಡದ ಕಾಡುದಾರಿಯಲ್ಲಿ ಅವಳಿಗೆ ಐವತ್ತು ಕಿಲೋಮೀಟರ್ ಓಟವಿತ್ತು. ಹಿರಿಯೂರಿನ ನಮ್ಮ ಮನೆಯ ಜಗುಲಿ ತುಂಬ ನೀರಿನ ಚೀಲ, ಶೇಂಗಾ ಉಂಡೆ, ಉಪ್ಪು ಸಕ್ಕರೆಯ ಪೊಟ್ಟಣ ಹರಡಿದ್ದವು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಪಂಕ್ಚರ್ ಅಂಗಡಿ ಇಟ್ಟವನು ನಾನು. ಓಡುವವನು ನಾನೇ ಅನ್ನುವ ಹಾಗೆ ಬೆಳಿಗ್ಗೆಯಿಂದ ಓಡಾಡಿ ಆಗಷ್ಟೇ ಕೂತಿದ್ದೆ.

ಶೂ ನೋಡಿದೊಡನೆ ನಾನು ಮಾಡಿದ್ದು ನೆನಪಾಯಿತು. ಹೋದ ವರ್ಷ, "ನಿನ್ ತಂಗಿ ಚಡ್ಡಿ ಹಾಕ್ಕಂಡು ಗುಡ್ಡ ಹತ್ತುತಾಳಂತೆ" ಎಂದು ಗೆಳೆಯರು ನಕ್ಕಿದ್ದಕ್ಕೆ, ಓಟದ ಹಿಂದಿನ ದಿನ ಅವಳ ಒಂದು ಶೂವನ್ನು ಅಂಗಡಿಯ ಹಳೇ ಟೈರುಗಳ ನಡುವೆ ಬಚ್ಚಿಟ್ಟಿದ್ದೆ. ನಾಯಿ ಒಯ್ದಿರಬೇಕೆಂದು ಹೇಳಿ ಅವಳ ಜೊತೆ ಬೀದಿಯೆಲ್ಲಾ ಹುಡುಕಿಯೂ ಇದ್ದೆ. ತಿಂಗಳುಗಟ್ಟಲೆ ಓಡಿ ಕಾಲಿಗೆ ಹೊಂದಿದ ಶೂ ಅದು. ಹೊಸದರಲ್ಲಿ ಅಷ್ಟು ದೂರ ಓಡಿದರೆ ಪಾದವೆಲ್ಲ ಬೊಬ್ಬೆ. ಅವಳು ಓಟಕ್ಕೆ ಹೋಗಲೇ ಇಲ್ಲ.

"ಭಾಗ್ಯಾ, ಹೋದ ವರ್ಷ ನಾಯಿ ಒಯ್ದಿರಲಿಲ್ಲ," ಎಂದೆ.

"ಗೊತ್ತೈತೆ ಬಿಡಣ್ಣ. ನಮ್ ಬೀದಿ ನಾಯಿ ನಿನ್ ಚಪ್ಪಲಿನೇ ಮೂಸಲ್ಲ, ನನ್ ಶೂ ಒಯ್ತದಾ? ಈ ಸಲ ಇದು ನಿನ್ನತ್ರನೇ ಇರ್ಲಿ. ಬೆಳಿಗ್ಗೆ ನೀನೇ ಕೊಡು."

ಬೆಳಿಗ್ಗೆ ಗುಡ್ಡದ ಬುಡದಲ್ಲಿ ಶೂ ತೊಡಿಸಿ ಲೇಸನ್ನು ನಾನೇ ಕಟ್ಟಿದೆ. ಎರಡು ಗಂಟು ಸಾಲದೆಂದು ಮೂರು ಹಾಕಿದೆ. ಮಧ್ಯಾಹ್ನ ಅವಳು ಓಟ ಮುಗಿಸಿ ನಗುತ್ತಾ ಬಂದಾಗಲೂ ಮೂರೂ ಹಾಗೇ ಇದ್ದವು. ಬಿಚ್ಚಿದ್ದೂ ನಾನೇ.