ಹಣ್ಣೋ, ಕಾಯೋ?

ಮಧ್ಯಾಹ್ನ ತಿನ್ನಲೆಂದು ಕಲ್ಲಂಗಡಿ ಹೆಚ್ಚಿದೆ. ಒಳಗೆ ಪೂರಾ ಬೆಳ್ಳಗಿತ್ತು. ಬೆರಳಿನಿಂದ ತಟ್ಟಿ ನೋಡಿ ಮಾದಪ್ಪನವರು ‘ಅಣ್ಣು’ ಎಂದು ಹೇಳಿದ್ದ ಕಾಯಿ ಅದು!

ಗುಂಡ್ಲುಪೇಟೆ ಹತ್ತಿರದ ತೆರಕಣಾಂಬಿಯ ಹೊಲದಲ್ಲಿ ಮೂರು ದಿನಗಳಿಂದ ನಮ್ಮದು ಅದೇ ಕೆಲಸ. ಲೋಡಿಗೆ ಕಲ್ಲಂಗಡಿ ಆರಿಸುವುದರಲ್ಲಿ ಮಾದಪ್ಪನವರದು ಎತ್ತಿದ ಕೈ. ಅವರು ತಟ್ಟಿದ ಸದ್ದನ್ನೂ ಹಣ್ಣೋ ಕಾಯೋ ಎಂಬ ಅವರ ತೀರ್ಪನ್ನೂ ಮೈಕ್ ಹಿಡಿದು ಲ್ಯಾಪ್‌ಟಾಪಿಗೆ ತುಂಬಿಸುತ್ತಿದ್ದೆ. ಮುಂದೆ ಕಂಪ್ಯೂಟರ್ ಬರೀ ಸದ್ದು ಕೇಳಿ ಹೇಳುವುದನ್ನು ಕಲಿಯಬೇಕು. ಅದು ನನ್ನ ಎಂಜಿನಿಯರಿಂಗ್ ಪ್ರಾಜೆಕ್ಟ್. ಮಾರುವ ಮಾಲನ್ನೆಲ್ಲ ಕೊಯ್ದು ನೋಡುವಂತಿರಲಿಲ್ಲ. ಅವರ ಮಾತೇ ಆಧಾರ.

ಅವರು ಹಣ್ಣೆಂದು ಆರಿಸಿದ್ದ ಅದೇ ರಾಶಿಯಿಂದ ಇನ್ನೆರಡು ಹೆಚ್ಚಿದೆ. ಅವೂ ಬಿಳಿ. ಮಾದಪ್ಪನವರು ಟವಲಿನಿಂದ ಮುಖ ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

“ಮಾತು ಕೇಳ್ತದ ಕಣಪ್ಪ, ತಟ್ಟುದ್ ಸದ್ದು ಗೊತ್ತಾಗದಿಲ್ಲ. ಒಂದ್ ವರ್ಸ ಆಯ್ತು. ನಿನ್ ಮುಖ ನೋಡ್ಕಂಡು ಅಣ್ಣು, ಕಾಯಿ ಅಂತ ಏಳ್ಬುಟ್ಟೆ. ಯಾರ್ಗೂ ಏಳ್ಬ್ಯಾಡ, ನಾಳಿಂದ ನನ್ನ ಯಾರೂ ಕರ್ಯದಿಲ್ಲ.”

ನಾನು ಯಾರಿಗೂ ಹೇಳಲಿಲ್ಲ. ಆದರೆ ಕೊಯ್ದ ಬಿಳಿ ಕಾಯಿಗಳನ್ನು, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಬದುವಿನ ಮೇಲೇ ಬಿಟ್ಟು ಬಂದೆ. ಸಂಜೆ ಲಾರಿ ತಂದ ವ್ಯಾಪಾರಿ ಅವನ್ನು ನೋಡಿದ. ಮರುದಿನ ಹೊಲದಲ್ಲಿ ಬೇರೆ ಯಾರೋ ತಟ್ಟುತ್ತಿದ್ದರು.

ಆ ಮೂರು ದಿನಗಳ ಧ್ವನಿಮುದ್ರಣವನ್ನು ಹಾಕಿಟ್ಟ ಸಿ.ಡಿ. ಇನ್ನೂ ನನ್ನಲ್ಲಿದೆ. ಪ್ರತಿ ಸಲವೂ ಮೊದಲು ತಟ್ಟಿದ ಸದ್ದು, ಆಮೇಲೆ ಒಂದಿಷ್ಟು ಮೌನ, ಆಮೇಲೆ ‘ಅಣ್ಣು’ ಅಥವಾ ‘ಕಾಯಿ’. ಆ ಮೌನದಷ್ಟು ಹೊತ್ತು ಅವರು ಏನೂ ತಿಳಿಯದ ನನ್ನ ಮುಖವನ್ನು ನೋಡುತ್ತಿದ್ದರು.