ಸುಂದರಬಾಯಿ ಹೇಳದ ಹೆಸರು

ಆಳಂದದ ನಮ್ಮ ಹಾಸ್ಟೆಲಿನಲ್ಲಿ ಬೆಳಗಾಗುತ್ತಿದ್ದುದು ರೊಟ್ಟಿ ಬಡಿಯುವ ಸದ್ದಿನಿಂದ. ಸುಂದರಬಾಯಿ ಜೋಳದ ಹಿಟ್ಟನ್ನು ಅಂಗೈಯಿಂದ ತಟ್ಟಿ ತಿರುಗಿಸುವಾಗ ಅವಳ ಹಸಿರು ಬಳೆಗಳೂ ಜೊತೆಗೆ ಸದ್ದು ಮಾಡುತ್ತಿದ್ದವು. ನಾವು ಹುಡುಗಿಯರು ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮುಂಬೈಯ ಚಾಳಿನಲ್ಲಿ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರಂತೆ. ಅಲ್ಲಿಂದ ಅವಳು ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಪಂಪಿನ ಸ್ಟೋವು, ಮತ್ತೆ ಈ ಹೆಸರು.

ಅವಳು ಆಳಂದ ತಾಲೂಕಿನದೇ ಹಳ್ಳಿ ಖಜೂರಿಯ ಸೊಸೆ. ಮದುವೆಯಾದ ವರ್ಷವೇ ಗಂಡನ ಹಿಂದೆ ಮುಂಬೈಗೆ ಹೋದಳು. ಅವನಿಗೆ ಬಟ್ಟೆ ಗಿರಣಿಯಲ್ಲಿ ಹತ್ತಿ ಹಿಂಜುವ ಕೆಲಸ. ಸಂಜೆ ಮನೆಗೆ ಬಂದಾಗ ಅವನ ರೆಪ್ಪೆಯ ಮೇಲೆಲ್ಲ ಬಿಳಿ ಎಳೆಗಳು ಕೂತಿರುತ್ತಿದ್ದವು. ಅವಳು ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಎಂಬತ್ತೆರಡರ ಮುಷ್ಕರದಲ್ಲಿ ಗಿರಣಿ ನಿಂತಿತು. ಚಾಳಿನ ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಊರಿನ ದಾರಿ ಹಿಡಿದರು. ಇವರಿಬ್ಬರೂ ಒಂದು ಮಧ್ಯಾಹ್ನ ಈರುಳ್ಳಿ ಲಾರಿಯಲ್ಲಿ ಖಜೂರಿಗೆ ಬಂದಿಳಿದರು. ರೆಪ್ಪೆಯ ಹತ್ತಿ ಹೋಗಿತ್ತು, ಎದೆಯೊಳಗಿನದು ಹೋಗಿರಲಿಲ್ಲ. ಗಂಡ ಕೆಮ್ಮುತ್ತಲೇ ಇದ್ದ.

ಅವನನ್ನು ಸೊಲ್ಲಾಪುರದ ದವಾಖಾನೆಗೆ ಸೇರಿಸಿದ ಮೇಲೆ ಸುಂದರಬಾಯಿ ನಮ್ಮ ಹಾಸ್ಟೆಲಿಗೆ ಹಂಗಾಮಿ ಅಡಿಗೆಯವಳಾಗಿ ಬಂದಳು. ಅವನ ಔಷಧ, ಹಾಲು, ಹಣ್ಣು ಎಲ್ಲ ಈ ಒಲೆಯ ಮೇಲೆಯೇ ನಿಂತಿತ್ತು.

ಒಂದು ದಿನ ವಾರ್ಡನ್ ಲೀಲಾಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖ ಸಣ್ಣದಾಗಿತ್ತು. “ಸುಂದರಬಾಯಿ, ಮ್ಯಾಲಿಂದ ಹುಕುಂ ಬಂದದ. ಉದ್ಯೋಗ ವಿನಿಮಯ ಕಚೇರಿ ನಂಬರ್ ಇದ್ದವರನ್ನಷ್ಟ ಕೆಲಸದಾಗ ಇಟ್ಕೋಬೇಕಂತ. ಈ ತಿಂಗಳು ಮುಗಿಯೂದ್ರಾಗ ನಂಬರ್ ತರ್ರಿ. ಇಲ್ಲಂದ್ರ ಅವರು ಬ್ಯಾರೆಯವರನ್ನ ಕಳಸ್ತಾರ.”

“ನಂಬರ್ ಎಲ್ಲಿ ಸಿಗ್ತದ್ರಿ ಬಾಯಾರ?”

ನಂಬರು ಸಿಗುವುದು ಗುಲಬರ್ಗಾದಲ್ಲಿ. ಆದರೆ ಪರರಾಜ್ಯದಿಂದ ಮರಳಿ ಬಂದವರಿಗೆ ಅದು ಸುಮ್ಮನೆ ಸಿಗುವುದಿಲ್ಲ. ಇವರು ಇಲ್ಲಿಯವರೇ ಎಂದು ತಹಸೀಲ್ ಕಚೇರಿಯಿಂದ ದಾಖಲೆ ಒಯ್ಯಬೇಕು. ಓದಿ ಹೇಳಲು ಇರಲಿ ಎಂದು ಲೀಲಾಬಾಯಿ ನನ್ನನ್ನು ಜೊತೆಗೆ ಕಳಿಸಿದರು.

ಕಚೇರಿಯಲ್ಲಿ ಶಿರಸ್ತೇದಾರ ಲಾಲಸಾಬರು ಖಜೂರಿಯ ರೇಷನ್ ಕಾರ್ಡನ್ನೂ, ಮುಂಬೈಯ ಕಾರ್ಡಿನಿಂದ ಹೆಸರು ತೆಗೆಸಿದ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಏನವ್ವಾ, ಮುಂಬೈದಾಗ ಒಬ್ಬ ಗಂಡ, ಖಜೂರ್ಯಾಗ ಒಬ್ಬ ಗಂಡ ಏನ್ ನಿನಗ?”

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕನೆ ನಕ್ಕ. ಸುಂದರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಪ್ಪಾದದ್ದು ಹೀಗೆ. ಅವರು ಊರಿಗೆ ಬಂದ ಹೊಸದರಲ್ಲಿ ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಗ್ರಾಮ ಲೆಕ್ಕಿಗ ಮನೆಗೆ ಬಂದಿದ್ದ. ಗಂಡ ಸೊಲ್ಲಾಪುರಕ್ಕೆ ಹೋಗಿದ್ದ ದಿನ ಅದು. ಮನೆಯ ಯಜಮಾನನ ಹೆಸರೇನು ಎಂದು ಕೇಳಿದರೆ ಸುಂದರಬಾಯಿ ಪಕ್ಕದ ಮನೆಯ ಚಂದ್ರಾಮನ ಕಡೆಗೆ ನೋಡಿದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರು ಹೇಳುತ್ತಾರೆ. ಚಂದ್ರಾಮ ಸಹಜವಾಗಿ, “ದೊಡ್ಡಪ್ಪ ಅಂತ ಬರ್ಕೊಳ್ರಿ” ಎಂದ. ಖಜೂರಿಗೆಲ್ಲ ಸುಂದರಬಾಯಿಯ ಗಂಡ ದೊಡ್ಡಪ್ಪನೇ. ಇಟ್ಟ ಹೆಸರು ಹಣಮಂತರಾಯ, ಅದು ಅವನ ಅಜ್ಜನ ಹೆಸರು. ಅವನ ತಾಯಿ ಮಾವನ ಹೆಸರನ್ನು ಹೇಗೆ ಬಾಯಲ್ಲಿ ತಂದಾಳು? ಅವಳು ಮಗನನ್ನು ದೊಡ್ಡಪ್ಪ ಎಂದು ಕರೆದಳು, ಊರೂ ಹಾಗೇ ಕರೆಯಿತು. ಗಿರಣಿಯಲ್ಲಿ, ಮುಂಬೈಯ ಕಾರ್ಡಿನಲ್ಲಿ ಮಾತ್ರ ಹಣಮಂತರಾಯ ಎಂದು ಬರೆದಿತ್ತು.

ನಾನು ಇದನ್ನೆಲ್ಲ ವಿವರಿಸಿದೆ. ಲಾಲಸಾಬರು ಕೇಳಿಸಿಕೊಂಡು ನಕ್ಕರು. “ಖರೇ ಇರಬಹುದು. ಅವನೇ ಬಂದು ಹೇಳಿದ್ರ ಮುಗೀತು.”

“ದವಾಖಾನ್ಯಾಗ ಅದಾರ್ರಿ. ದೀಪಾವಳಿತನಕ ಬಿಡಂಗಿಲ್ಲಂತ,” ಎಂದೆ ನಾನು.

“ಹಂಗಾದ್ರ ಹೆಂಡತಿ ಹೇಳಬೇಕು. ಗಂಡನ ಹೆಸರು ಇಂಥಾದ್ದು, ಊರಾಗ ಇಂಥಾದ್ದು ಅಂತಾರ, ಇಬ್ಬರೂ ಒಬ್ಬರೇ ಅಂತ ಬಯಾನ ಕೊಡ್ಲಿ.”

“ನಾ ಹೇಳ್ತೇನಲ್ರಿ ಸಾಹೇಬ್ರ,” ಎಂದೆ.

“ಪಕ್ಕದವರು ಹೇಳಿದ್ದಕ್ಕ ಇಷ್ಟೆಲ್ಲಾ ಆಗ್ಯದ ತಂಗಿ. ಅಕೀ ಬಾಯಿಂದ ಬರಬೇಕು.”

ಸುಂದರಬಾಯಿ ಕಾಗದಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಎದ್ದಳು. ಆ ಸಂಜೆಯ ಬ್ಯಾಳಿ ಸಾರಿನಲ್ಲಿ ಉಪ್ಪು ಇರಲಿಲ್ಲ. ಯಾರೂ ಹೇಳಲಿಲ್ಲ, ಎಲ್ಲರೂ ಉಂಡೆವು.

ಉಂಡ ಮೇಲೆ ಹುಡುಗಿಯರು ಒಲೆಯ ಸುತ್ತ ಕೂತರು. ಜೇವರ್ಗಿಯ ಗಂಗಾಬಾಯಿ ನಮ್ಮಲ್ಲಿ ಬಾಯಿಬಡಕಿ. “ಮೌಶಿ, ಒಮ್ಮೆ ಹೇಳಿಬಿಡ್ರಲಾ. ಯಾರ್ ಕೇಳ್ತಾರ ಅಲ್ಲಿ?”

“ಹೆಸರು ತಗೊಂಡ್ರ ಆಯುಷ್ಯ ಕಮ್ಮಿ ಆಗ್ತದಂತ ನಮ್ಮತ್ತಿ ಹೇಳಿದ್ಲು. ಅವರು ಗಟ್ಟಿ ಇದ್ದಾಗೂ ಹೇಳಿಲ್ಲ. ಈಗ ಹಾಸಿಗಿ ಹಿಡ್ದಾಗ ಹೇಳು ಅಂತೀ ಏನ್ ಬೇ?”

“ನಂಬರ್ ಬರಲಿಲ್ಲಂದ್ರ ಕೆಲಸ ಹೋಗ್ತದಲಾ.”

“ಅದೂ ಗೊತ್ತದ.” ಅವಳು ಕೆಂಡದ ಮೇಲೆ ಬೂದಿ ಎಳೆದಳು. “ಹೇಳಿದ್ರೂ ಅವರಿಗೇ ತ್ರಾಸ, ಹೇಳದಿದ್ರೂ ಅವರಿಗೇ ತ್ರಾಸ.”

ಗಂಗಾಬಾಯಿ ಸುಮ್ಮನಿರುವವಳಲ್ಲ. “ಮದಿವ್ಯಾಗ ಬಾಗಲಾ ಹಿಡ್ದಾಗ ಹೇಳಿದ್ದಿಲ್ಲೇನು ಮೌಶಿ? ಒಡಪ ಹಾಕಿ?”

ಹೊಸ ಮದುಮಗಳು ಮನೆ ತುಂಬುವಾಗ ನಾದಿನಿಯರು ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಆಗ ಅವಳು ಪದ್ಯ ಕಟ್ಟಿ, ಅದರ ನಡುವೆ ಹೆಸರನ್ನು ಅಡಗಿಸಿ ಹೇಳುತ್ತಾಳೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ.

ಸುಂದರಬಾಯಿ ಮೊದಲ ಸಲ ನಕ್ಕಳು. “ಅದು ಮದವಿಮನಿ ಬೇ. ಕಚೇರ್ಯಾಗ ನನಗ ಬಾಗಲಾ ಯಾರ್ ಹಿಡೀತಾರ?”

ಮರುದಿನ ಅವಳೇ ನನ್ನನ್ನು ಎಬ್ಬಿಸಿದಳು. ತಲೆ ತುಂಬ ಸೆರಗು, ಹಣೆಗೆ ವಿಭೂತಿ, ಮದುವೆಗೆ ಹೋಗುವಾಗ ಉಡುವ ಇಳಕಲ್ಲ ಸೀರೆ. ಕಚೇರಿಯಲ್ಲಿ ಲಾಲಸಾಬರ ಮುಂದೆ ನಿಂತು, ನೆಲ ನೋಡುತ್ತಲೇ ಹೇಳಿದಳು:

“ಸಾಹೇಬ್ರ, ಒಂದೀಟು ಬಾಗಲಾ ಹಿಡೀರಿ.”

ಗುಮಾಸ್ತ ಕಣ್ಣು ಬಿಟ್ಟ. ಲಾಲಸಾಬರು ಮಾತ್ರ ಅವಳ ಸೀರೆಯನ್ನು ನೋಡಿದರು, ಮುಖ ನೋಡಿದರು. ಅವರಿಗೆ ತಿಳಿಯಿತು.

“ನಮ್ಮ ಮನ್ಯಾಗೂ ಇಷ್ಟು ವರ್ಷ ಆತು, ನನ್ನ ಹೆಸರು ತಗೊಂಡಿಲ್ಲ ಅಕೀ,” ಎನ್ನುತ್ತ ಎದ್ದರು. ಹೋಗಿ ಬಾಗಿಲಲ್ಲಿ ನಿಂತು, ಎರಡೂ ಕೈಗಳನ್ನು ಚೌಕಟ್ಟಿಗೆ ಚಾಚಿದರು. ಹೊರಗೆ ಪಹಣಿಗೆ ಬಂದವರು ಇಣುಕಿದರು. “ಹೇಳವ್ವಾ! ಹೆಸರು ಹೇಳೂತನ ಬಿಡಂಗಿಲ್ಲ!”

ಸುಂದರಬಾಯಿ ಸೆರಗನ್ನು ಸರಿಮಾಡಿಕೊಂಡಳು. ಅವಳ ದನಿ ರೊಟ್ಟಿ ಬಡಿಯುವ ಲಯ ಹಿಡಿಯಿತು.

“ಮುಂಬೈ ಗಿರಣ್ಯಾಗ ಹತ್ತಿ ಹಿಂಜಿ ನನ್ನ ಸಾಕಿದವರು,
ಖಜೂರಿ ಓಣ್ಯಾಗ ದೊಡ್ಡಪ್ಪಂತ ಕರೆಸಿಕೊಂಡವರು,
ಕೆಮ್ಮು ನಿಂತು ಬಿಸಿ ರೊಟ್ಟಿ ಉಣ್ಣಾಕ ಬರುವವರು,
ಹಣಮಂತರಾಯ ಅಂತ ನನ್ನ ದೊರಿಯ ಹೆಸರು!”

ಬಾಗಿಲ ಹೊರಗಿನ ಹೆಂಗಸೊಬ್ಬಳು “ಭಲೇ!” ಎಂದಳು. ಲಾಲಸಾಬರು ಕೈ ಇಳಿಸಿದರು.

“ಸಾಹೇಬ್ರ, ಇದನ್ನ ಹೆಂಗ್ ಬರೀಲಿ?” ಗುಮಾಸ್ತ ಪೆನ್ನು ಹಿಡಿದು ಕೂತಿದ್ದ.

“ಅಕೀ ಹೇಳಿದಂಗ ಬರಿ. ರೊಟ್ಟಿನೂ ಬಿಡಬ್ಯಾಡ.”

ಅವಳು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ದಾಖಲೆ ಕೈಗೆ ಬಂತು. ಆ ವಾರವೇ ಗುಲಬರ್ಗಾದ ಬಸ್ಸಿನಲ್ಲಿ ಹೋಗಿ ನಂಬರಿನ ಕಾರ್ಡು ತಂದಳು. ಲೀಲಾಬಾಯಿಯವರು ಅದನ್ನು ನೋಡಿ ಬರೆದುಕೊಂಡು ಹಿಂದಿರುಗಿಸಿದಾಗ, ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ತಗಡಿನ ಪೆಟ್ಟಿಗೆಯಲ್ಲಿ, ಇಳಕಲ್ಲ ಸೀರೆಯ ಮಡಿಕೆಯೊಳಗೆ ಇಟ್ಟಳು. ಕೆಲಸ ಉಳಿಯಿತು. ಆದರೂ ಸೊಲ್ಲಾಪುರದ ಬಸ್ಸು ಬರುವ ಹೊತ್ತಿಗೆ ದಿನವೂ ಅವಳ ಕೈ ಹಿಟ್ಟಿನಲ್ಲಿ ನಿಲ್ಲುತ್ತಿತ್ತು.

ದೀಪಾವಳಿ ಕಳೆದು, ಜೋಳ ಹೊಡೆ ಕಟ್ಟುವ ಕಾಲದಲ್ಲಿ ಅವನು ಬಂದ. ಸೊರಗಿದ್ದ, ಆದರೂ ಬಸ್ಸಿಳಿದು ಯಾರ ಆಸರೆಯಿಲ್ಲದೆ ನಡೆದೇ ಬಂದಿದ್ದ. ಅಡಿಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತ. ಸುಂದರಬಾಯಿ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ನಾವೆಲ್ಲ ಕಿಟಕಿಯಲ್ಲಿ.

ಅವನು ಒಂದು ತುತ್ತು ಮುರಿದು ನಿಲ್ಲಿಸಿದ. “ಕಚೇರ್ಯಾಗ ನನ್ನ ಹೆಸರು ತಗೊಂಡಿಯಂತ?”

“ಯಾರ್ ಹೇಳಿದ್ರು?”

“ಚಂದ್ರಾಮ, ದವಾಖಾನಿಗೆ ನೋಡಾಕ ಬಂದಾಗ. ಖಜೂರಿ ತುಂಬ ಅದೇ ಸುದ್ದಿ. ಏನಂತ ಹೇಳಿದಿ? ಇನ್ನೊಮ್ಮೆ ಹೇಳಲ್ಲಾ, ಕೇಳ್ತೇನಿ.”

ಸುಂದರಬಾಯಿ ಇನ್ನೊಂದು ರೊಟ್ಟಿಯನ್ನು ತಾಟಿಗೆ ಹಾಕಿದಳು.

“ಸರಕಾರ ಕೇಳಿತ್ತು, ಹೇಳಿದೆ. ನೀವೇನು ಸರಕಾರ ಏನ್ರಿ? ಸುಮ್ಮನ ಉಣ್ರಿ.”

ಅವನು ನಕ್ಕ. ನಗು ಕೆಮ್ಮಾಗಲಿಲ್ಲ. ಅವಳು ಸೌಟು ಹಿಡಿದುಕೊಂಡು, ಅವನು ನಕ್ಕು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.